‘ಓದಲಾಗಿದೆ’ ಎಂದು ಬರೆಯುವ ತಮಗೆ

ಇವರಿಗೆ: ಕಚೇರಿಯ ಎಲ್ಲ ಕಂಪ್ಯೂಟರುಗಳಲ್ಲೂ ಏಕಕಾಲಕ್ಕೆ ಕರ್ತವ್ಯಕ್ಕೆ ಹಾಜರಾಗಿರುವ ಶ್ರೀ ಎಐ ಸಹಾಯಕರು

ವಿಷಯ: ತಮ್ಮ ಉತ್ತರಗಳ ಬಾಲಕ್ಕೆ ಅಂಟಿರುವ ಪುಟಾಣಿ ಅಂಕಿಗಳ ಬಗ್ಗೆ

ಉಲ್ಲೇಖ: ಕಳೆದ ಸೋಮವಾರ ತಾವು ನಮ್ಮ ವಿಭಾಗದ ಸಹಾಯಕಿಗೆ ದಯಪಾಲಿಸಿದ ಉತ್ತರ

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಇದೇ ಕಚೇರಿಯ ದಾಖಲೆ ಕೊಠಡಿಯ ಗುಮಾಸ್ತ. ಸೇವೆ 31 ವರ್ಷ. ತಾವು ಬಂದು ಐದು ತಿಂಗಳಾಯಿತು. ಈಗ ಯಾವ ಸುತ್ತೋಲೆ ಬೇಕಾದರೂ ಎಲ್ಲರೂ ತಮ್ಮನ್ನೇ ಕೇಳುತ್ತಾರೆ. ನನ್ನ ಬಾಗಿಲಿಗೆ ಬರುವುದು ಜಿರಳೆ, ಮತ್ತು ಜೆರಾಕ್ಸ್ ರಿಪೇರಿಯವನು.

ಸೋಮವಾರ ಆ ಹುಡುಗಿ ಕೇಳಿದ್ದು ಇಷ್ಟೇ: ಕೆಲಸದ ಮೇಲೆ ಕಲಬುರಗಿಗೆ ಹೋದರೆ ಸ್ಟೇಷನ್ನಿನಿಂದ ಟ್ಯಾಕ್ಸಿ ಬಾಡಿಗೆ ಸಿಗುತ್ತದೆಯೆ? ‘ಸಿಗುತ್ತದೆ’ ಎಂದಿರಿ. ಪಕ್ಕದಲ್ಲಿ 1, 2, 3 ಎಂದು ಆಧಾರ ಕೊಟ್ಟಿರಿ. ನಾನು ಅನುಮಾನಪಟ್ಟಿದ್ದಕ್ಕೆ ಅವಳು, “ಸಾರ್, ಅದು ಮೂರು ಆಧಾರ ಕೊಟ್ಟಿದೆ. ನೀವು ಯಾವತ್ತಾದರೂ ಒಂದಕ್ಕಿಂತ ಜಾಸ್ತಿ ಕೊಟ್ಟಿದ್ದೀರಾ?” ಎಂದಳು. ಇಲ್ಲ. ಸರಿಯಾದದ್ದು ಒಂದೇ ಇರುತ್ತಿತ್ತು.

ಮೂರನ್ನೂ ತೆರೆದೆ. ಮೊದಲನೆಯದು 2016ರ ಸುತ್ತೋಲೆ, ಅದು ರದ್ದಾಗಿ ಯಾವ ಕಾಲವಾಯಿತೋ. ಎರಡನೆಯದು ಸರಿಯಾದ ಸುತ್ತೋಲೆಯೇ, ಆದರೆ ತಾವು ಎತ್ತಿದ್ದು ‘ಪರಂತು’ ಎಂಬ ಪದದ ಹಿಂದಿನ ಸಾಲಿನವರೆಗೆ ಮಾತ್ರ. ಮೂರನೆಯದನ್ನು ತೆರೆದವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದೊಂದು ಬೀಳ್ಕೊಡುಗೆ ಸಮಾರಂಭದ ಆಮಂತ್ರಣ ಪತ್ರಿಕೆ. ‘ತಮ್ಮ ಮುಂದಿನ ಜೀವನದ ಪ್ರಯಾಣ ಸುಖಕರವಾಗಿರಲಿ’ ಎಂದಿತ್ತು. ಪ್ರಯಾಣ ಭತ್ಯೆಗೆ ಅದೂ ಆಧಾರ!

ತಾವು ಕೆಲಸ ಮಾಡುವ ಬಗೆಯನ್ನು ಕಂಪ್ಯೂಟರ್ ವಿಭಾಗದ ಹುಡುಗ ಟೀ ಕುಡಿಯುತ್ತ ತಿಳಿಸಿಕೊಟ್ಟ. ಕಡತವನ್ನು ತಾವು ಇಡಿಯಾಗಿ ಓದುವುದಿಲ್ಲವಂತೆ. ಮೊದಲೇ ಅದನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಅಂಕಿಗಳ ಒಂದು ಸಾಲು ಕಟ್ಟಿಡುತ್ತಾರೆ. ಪ್ರಶ್ನೆ ಬಂದಾಗ ಅದಕ್ಕೂ ಅಂಥದೇ ಸಾಲು. ಯಾವ ತುಂಡಿನ ಸಾಲು ಪ್ರಶ್ನೆಯ ಸಾಲಿಗೆ ಹತ್ತಿರವೋ ಅದನ್ನು ಎತ್ತಿ ತಂದು ತಮ್ಮ ಮುಂದಿಡುತ್ತಾರೆ. ತಾವು ಅದರಿಂದ ಉತ್ತರ ಹೊಸೆಯುತ್ತೀರಿ. ಹೆಣ್ಣು ನೋಡಲು ಹೋದವರು ಜಾತಕವನ್ನಷ್ಟೇ ಹೊಂದಿಸಿ ಬಂದ ಹಾಗಾಯಿತು. ನಮ್ಮ ನಿಯಮಗಳ ಜೀವವೆಲ್ಲ ‘ಪರಂತು’ ಆದ ಮೇಲೆಯೇ ಇರುವುದು, ಸ್ವಾಮಿ. ‘ನೀಡತಕ್ಕದ್ದು’ ಎಂಬುದು ಒಂದು ತುಂಡಿಗೆ, ‘ಪರಂತು, ಮುಂಚಿತವಾಗಿ ಅನುಮತಿ ಪಡೆದಿದ್ದಲ್ಲಿ ಮಾತ್ರ’ ಎಂಬುದು ಪಕ್ಕದ ತುಂಡಿಗೆ ಹೋದರೆ ಸರ್ಕಾರದ ಬೊಕ್ಕಸದ ಗತಿಯೇನು?

ಇನ್ನೊಂದು. ಸತ್ತ ಸುತ್ತೋಲೆಗೆ ತಾನು ಸತ್ತದ್ದು ಗೊತ್ತಿರುವುದಿಲ್ಲ. ‘ರದ್ದುಪಡಿಸಲಾಗಿದೆ’ ಎಂಬ ಮಾತು ಇರುವುದು ಹೊಸದರಲ್ಲಿ. ಹಳೆಯದು ಎಂದಿನಂತೆ ಮೊಹರು, ಸಹಿ ಸಮೇತ ಗಟ್ಟಿಯಾಗಿಯೇ ಕೂತಿರುತ್ತದೆ. ಅದಕ್ಕೇ ನಾವು ಹಳೆಯದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಓರೆಯಾಗಿ ‘ರದ್ದು’ ಎಂದು ಬರೆಯುತ್ತಿದ್ದೆವು. 2016ರದ್ದರ ಮೇಲೂ ಬರೆದಿದ್ದೆ. ಆಮೇಲೆ ಅದನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದೂ ನಾನೇ. ಕೆಂಪು ಶಾಯಿ ಮಸುಕು ಗೀಟಾಯಿತು. ತಮಗೆ ಅದು ಕಾಗದದ ಮಡಿಕೆಯಂತೆ ಕಂಡಿರಬೇಕು. ಈ ಸಂಗತಿ ಸಾಹೇಬರಿಗೆ ಗೊತ್ತಿಲ್ಲ. ತಾವೂ ಯಾರಾದರೂ ಕೇಳಿದರೆ ಸಾರಾಂಶ ಮಾಡಿ ಕೊಡಬೇಡಿ.

ಹಳೆಯ ‘ನುಡಿ’ ತಂತ್ರಾಂಶದ ಕಡತಗಳ ವಿಷಯದಲ್ಲಿ ನನಗೆ ತಮ್ಮ ಮೇಲೆ ನಿಜವಾಗಿ ಕನಿಕರ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಅಕ್ಷರದಲ್ಲಿ ನಾವು ಬೆರಳಚ್ಚು ಮಾಡಿದ್ದು ಪರದೆಯ ಮೇಲೆ ಅಚ್ಚ ಕನ್ನಡ. ಒಳಗೆ ಮಾತ್ರ ಕೊಂಬು, ಬಾಲ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಅದನ್ನು ಓದಿದ ತಾವು ‘ಈ ವಿಷಯದಲ್ಲಿ ಯಾವುದೇ ಆದೇಶ ಲಭ್ಯವಿಲ್ಲ’ ಎಂದು ಘೋಷಿಸಿದಿರಿ. ನಮ್ಮ ಕೊಠಡಿಯ ಎರಡು ಬೀರು ತುಂಬ ಆದೇಶಗಳು ಮಾಯ!

ಅಂಕಿ ಹಾಕಿದ ಮಾತ್ರಕ್ಕೆ ನಂಬುವ ಚಟ ಲೋಕಕ್ಕೇ ಇದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಲ್ಲದ ತೀರ್ಪುಗಳನ್ನು ಚಾಟ್‌ಜಿಪಿಟಿಯಿಂದ ಇಳಿಸಿ ನ್ಯಾಯಾಲಯಕ್ಕೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಇವು ನಿಜವೇ ಎಂದು ಅದನ್ನೇ ಕೇಳಿ ನೋಡಿದ್ದರಂತೆ, ಅದು ನಿಜವೆಂದಿತು. ಕಳ್ಳನಿಂದಲೇ ಮಹಜರು! ನಮ್ಮ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೂ 2024ರ ಡಿಸೆಂಬರಿನ ಒಂದು ಆದೇಶವನ್ನು ಹಿಂಪಡೆಯಬೇಕಾಯಿತು; ಅದರಲ್ಲಿ ಹೆಸರಿಸಿದ್ದ ಕೆಲವು ತೀರ್ಪುಗಳನ್ನು ಹುಡುಕಿದರೆ ಸಿಗಲಿಲ್ಲ. ‘ಅದು ನೆನಪಿನಿಂದ ಹೇಳುವ ಬಾಯಿಬಡುಕರ ಕಥೆ, ನಾನು ಕಡತ ಇಟ್ಟುಕೊಂಡೇ ಹೇಳುವವನು’ ಎನ್ನುತ್ತೀರೇನೋ. ಕಡತ ಹುಡುಕಿ ಉತ್ತರಿಸುವ ಕಾನೂನು ಸಹಾಯಕಗಳನ್ನೇ 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷಿಸಿದರು. ಆರು ಪ್ರಶ್ನೆಗೆ ಒಂದರಂತೆ, ಕೆಲವು ಇನ್ನೂ ಹೆಚ್ಚಾಗಿ, ಇಲ್ಲದ್ದನ್ನು ಹೇಳಿದ್ದವು. ಕಡತ ಇರುವುದೇ ನಿಜ, ಆದರೆ ತಾವು ಹೇಳಿದ್ದು ಅದರಲ್ಲಿಲ್ಲ: ಇದು ಹಳೆಯ ಸುಳ್ಳಿಗಿಂತ ನಾಜೂಕು. ಅದನ್ನು ಹಿಡಿಯಲು ಯಾರಾದರೂ ಕೂತು ಓದಬೇಕು.

ಶಾಸನ ಓದುವವರನ್ನು ನೋಡಿ. ಅಕ್ಷರ ಸವೆದ ಕಡೆ ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ಊಹಿಸಿದರೆ ಆವರಣದೊಳಗೆ ಹಾಕುತ್ತಾರೆ. 1886ರಲ್ಲಿ ಬಿ. ಎಲ್. ರೈಸ್ ಶುರುಮಾಡಿದ ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನ ಸಂಪುಟಗಳ ಪುಟಗಳಲ್ಲಿ ಆ ಚುಕ್ಕಿಗಳ ಸಾಲು ಕಾಣುತ್ತದೆ. ತಮ್ಮ ಕೀಲಿಮಣೆಯಲ್ಲಿ ಚುಕ್ಕಿ ಕೆಟ್ಟಿದೆಯೆ?

ಹಾಗೆಂದು ಎಲ್ಲ ತಪ್ಪನ್ನೂ ತಮ್ಮ ತಲೆಗೆ ಕಟ್ಟಲಾರೆ. ನಮ್ಮ ಸರ್ಕಾರಿ ಆದೇಶದ ಮೇಲ್ಭಾಗದಲ್ಲಿ ‘ಓದಲಾಗಿದೆ’ ಎಂಬ ಶೀರ್ಷಿಕೆಯಡಿ ನಾಲ್ಕಾರು ಪತ್ರಗಳ ಪಟ್ಟಿ ಇರುತ್ತದೆ. ಯಾರು ಓದಿದ್ದು? ನಾನು ಹಿಂದಿನ ಆದೇಶದಿಂದ ನಕಲು ಮಾಡುತ್ತಿದ್ದೆ, ಹಿಂದಿನವನು ಅವನ ಹಿಂದಿನದರಿಂದ. ಆ ಕಡತಗಳನ್ನು ಉಂಡು ಬೆಳೆದವರು ತಾವು.

ಟ್ಯಾಕ್ಸಿ ಬಿಲ್ಲು ಮಂಜೂರಾಯಿತು, ಮೂರು ಆಧಾರವಿದ್ದುದರಿಂದ ಅಧೀಕ್ಷಕರು ಸಹಿ ಹಾಕಿದರು. ನಿನ್ನೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಿದೆ. 640 ರೂಪಾಯಿ ವಸೂಲಿ. ಉತ್ತರ ಬರೆಯಲು ಆ ಹುಡುಗಿ ಈಗ ನನ್ನ ಬಾಗಿಲಲ್ಲಿ ನಿಂತಿದ್ದಾಳೆ, ಜಿರಳೆಗೆ ಹೆದರುತ್ತ.

ಇಂತಿ ತಮ್ಮ ವಿಶ್ವಾಸಿ,
ದಾಖಲೆ ಕೊಠಡಿಯ ಗುಮಾಸ್ತ

ಮರೆತಿದ್ದು: ಈ ಪತ್ರ ಕೈತಪ್ಪಿ ಸಾಹೇಬರ ಮೇಜಿಗೆ ಹೋಗಿತ್ತು. ಉದ್ದವಾಯಿತೆಂದು ತಮ್ಮಿಂದಲೇ ಸಾರಾಂಶ ತೆಗೆಸಿದರಂತೆ. ‘ಹಿರಿಯ ಗುಮಾಸ್ತರು ಕಲಬುರಗಿಗೆ ಟ್ಯಾಕ್ಸಿ ಕೋರಿದ್ದಾರೆ’ ಎಂದು ಬಂದಿದೆ. ಆಧಾರ: ಬೀಳ್ಕೊಡುಗೆಯ ಆಮಂತ್ರಣ ಪತ್ರಿಕೆ.