ತುಕ್ಕು ಹಿಡಿದ ಕುದುರೆಗೆ ಗುಜರಿ ಲಾಳ

ನಮ್ಮ ಭಾವ ಹಾಸನದಲ್ಲಿದ್ದಷ್ಟು ಕಾಲ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಹೊಸ ಕ್ಯಾಲೆಂಡರು ತಂದರೆ ಹಳೆಯ ಮೊಳೆ ಹುಡುಕುತ್ತಿದ್ದರು. ಅದು ಸಿಗದಿದ್ದರೆ ಕ್ಯಾಲೆಂಡರು ಯುಗಾದಿ ಬಂದರೂ ಸುರುಳಿ ಬಿಚ್ಚುತ್ತಿರಲಿಲ್ಲ. ಅಂಥವರು ಅಮೆರಿಕದ ಮಿಷಿಗನ್‌ಗೆ ಹೋಗಿ ಇಪ್ಪತ್ತು ವರ್ಷವಾದ ಮೇಲೆ ಒಂದು ಭಾನುವಾರ ಫೋನ್ ಮಾಡಿ, “ವೆಲ್ಡಿಂಗ್ ಕಲೀತಾ ಇದೀನಯ್ಯ” ಎಂದರು. ಪಾಪ, ಕೆಲಸ ಹೋಯಿತೇನೋ ಎಂದುಕೊಂಡು ಫೋನು ಅಕ್ಕನಿಗೆ ಕೊಡಿಸಿದೆ.

“ಕೆಲಸ ಹೋಗಿಲ್ಲ ಕಣೋ, ಬುದ್ಧಿ ಹೋಗಿದೆ. ಗ್ಯಾರೇಜಲ್ಲಿ ಒಂದು ಬಾಡಿ ತಂದು ಇಟ್ಕೊಂಡಿದಾರೆ” ಎಂದಳು.

ನಮ್ಮ ಕಡೆ ‘ಬಾಡಿ’ ಎಂದರೆ ಆಸ್ಪತ್ರೆಯಿಂದ ಬರುವುದು. ನಾನು ಎದ್ದು ನಿಂತೆ. ಆಮೇಲೆ ಗೊತ್ತಾಯಿತು, ಅದು ಕಾರಿನ ಬಾಡಿ. ಆದರೆ ಆ ವರ್ಷದ ಡಿಸೆಂಬರಿನಲ್ಲಿ ಖುದ್ದಾಗಿ ಹೋಗಿ ನೋಡಿದ ಮೇಲೆ, ನಾನು ಮೊದಲು ತಿಳಿದುಕೊಂಡಿದ್ದೇ ಸರಿ ಎನಿಸಿತು.

ಅದು 1967ರ ಫೋರ್ಡ್ ಮಸ್ಟ್ಯಾಂಗ್. ಮಸ್ಟ್ಯಾಂಗ್ ಎಂದರೆ ಅಮೆರಿಕದ ಬಯಲಿನ ಕಾಡುಕುದುರೆ. ಮೂತಿಯ ಜಾಲರಿಯ ಮೇಲೆ ಓಡುವ ಕುದುರೆಯ ಗುರುತೂ ಇದೆ. ಭಾವನ ಕಾರಿನಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಆ ಕುದುರೆ ಒಂದೇ.

ಭಾವ ಶುರು ಮಾಡಿದರು. ಇದನ್ನು ‘ಮಸಲ್ ಕಾರ್’ ಅನ್ನುತ್ತಾರಂತೆ, ಅಂದರೆ ತೋಳ್ಬಲದ ಕಾರು. 1964ರಲ್ಲಿ ಪಾಂಟಿಯಾಕ್ ಕಂಪನಿ ಜಿಟಿಓ ಎಂಬ ಹೆಸರಲ್ಲಿ ಈ ಅಡುಗೆಗೆ ಒಲೆ ಹಚ್ಚಿತು. ಪಾಕ ಬಹಳ ಸುಲಭ: ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಇಡುವುದು, ಬೆಲೆ ಮಾತ್ರ ಹುಡುಗರ ಜೇಬಿಗೆ ಎಟುಕುವಷ್ಟು ಇಡುವುದು. ನಮ್ಮ ಲೆಕ್ಕದಲ್ಲಿ ಲೂನಾಗೆ ಲಾರಿ ಎಂಜಿನ್ ಕಟ್ಟಿದ ಹಾಗೆ. ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟ್ಯಾಂಗ್ ಹೊರಬಂತು. ಬೆಲೆ 2,368 ಡಾಲರಿನಿಂದ ಶುರು. ಮೊದಲ ದಿನವೇ ಸುಮಾರು 22,000 ಜನ ಬೇಕು ಎಂದು ಬರೆಸಿದರು. 1967ರಲ್ಲಿ ಅದರ ಮೈ ಅಗಲ ಮಾಡಿ 6.4 ಲೀಟರಿನ ವಿ-8 ಎಂಜಿನ್ ಕೂರಿಸುವುದಕ್ಕೂ ಜಾಗ ಮಾಡಿಕೊಟ್ಟರು. ನಮ್ಮ ಮಾರುತಿ 800ರ ಎಂಜಿನ್ 796 ಸಿಸಿ. ಅಂಥ ಎಂಟು ಮಾರುತಿಗಳನ್ನು ಒಂದೇ ಬಾನೆಟ್ಟಿನ ಕೆಳಗೆ ಕಟ್ಟಿಹಾಕಿದರೆ ಭಾವನ ಕಾರು. ಶಕ್ತಿ 320 ಅಶ್ವ.

“ಆದರೆ ಮಸ್ಟ್ಯಾಂಗ್ ಮಸಲ್ ಕಾರ್ ಅಲ್ಲ, ಪೋನಿ ಕಾರ್, ಅಂದರೆ ಗಿಡ್ಡಕುದುರೆ, ಅಂತ ಓದಿದ ನೆನಪು ಭಾವ” ಎಂದೆ, ಸುಮ್ಮನೆ ಕೆಣಕಲು.

ಭಾವನ ಮುಖ ಕೆಂಪಾಯಿತು. ಬಿಸಿಬೇಳೆಬಾತಿಗೆ ಆಲೂಗಡ್ಡೆ ಹಾಕಬೇಕೋ ಬೇಡವೋ ಎಂದು ನಾವು ಜಗಳ ಆಡುವ ಹಾಗೆ ಅಲ್ಲಿಯವರು ಇದಕ್ಕೆ ಆಡುತ್ತಾರೆ. “ಚಿಕ್ಕ ಎಂಜಿನ್ ಇದ್ದರೆ ಪೋನಿ, ಇದು ಕುದುರೆ” ಎಂದು ತೀರ್ಪು ಕೊಟ್ಟು ಚಹಾ ಕುಡಿದರು.

ಕುದುರೆಯ ರೋಗ ಏನೆಂದರೆ ಉಪ್ಪು. ಮಿಷಿಗನ್‌ನಲ್ಲಿ ಹಿಮ ಬಿದ್ದ ಕೂಡಲೇ ರಸ್ತೆಗೆ ಉಪ್ಪು ಸುರಿಯುತ್ತಾರೆ, ಲಾರಿಗಟ್ಟಲೆ. ಉಪ್ಪು ಬೆರೆತ ನೀರು ಬೇಗ ಮಂಜುಗಡ್ಡೆಯಾಗುವುದಿಲ್ಲ, ಕಾರುಗಳು ಜಾರುವುದಿಲ್ಲ. ಉಪ್ಪಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ: ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು! ಕಬ್ಬಿಣಕ್ಕೂ ಆಮ್ಲಜನಕಕ್ಕೂ ಸಂಬಂಧ ಕುದುರಿಸುವ ದಲ್ಲಾಳಿ ನೀರು. ಉಪ್ಪು ಸೇರಿತೆಂದರೆ ದಲ್ಲಾಳಿಗೆ ಮೋಟಾರುಬೈಕು ಕೊಡಿಸಿದ ಹಾಗೆ. ಹುಟ್ಟಿದ ತುಕ್ಕಿಗೆ ಕಬ್ಬಿಣಕ್ಕಿಂತ ಜಾಗ ಜಾಸ್ತಿ ಬೇಕು, ಅದಕ್ಕೇ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರಿಗೆ ಇರಬಹುದು. ಭಾವನ ಕುದುರೆ ಅದನ್ನು ಐವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿತ್ತು.

ಮಾರಿದವನು “ಸ್ವಲ್ಪ ಟಿಂಕರಿಂಗ್ ಮಾಡಿಸಿದರೆ ಸಾಕು” ಎಂದಿದ್ದನಂತೆ. ಭಾವ ನಂಬಿದ್ದರು. ನಂಬದವಳು ಅಕ್ಕ. ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತದ ಮಹಿಷಾಸುರನನ್ನು, ನಾನೇ ಚಾಮುಂಡಿಬೆಟ್ಟದಿಂದ ಕಳಿಸಿದ್ದವನನ್ನು, ಕಿತ್ತು ತಂದು ಕಾರಿನ ಪಕ್ಕೆಗೆ ಅಂಟಿಸಿದಳು. ಕಬ್ಬಿಣವಾಗಿದ್ದರೆ ನಿಲ್ಲಬೇಕು, ಅವನು ಕತ್ತಿ ಸಮೇತ ಜಾರಿ ನೆಲಕ್ಕೆ ಬಿದ್ದ. ಅಲ್ಲಿದ್ದದ್ದು ಬೆರಳು ದಪ್ಪ ಪುಟ್ಟಿ. “ನೋಡ್ರೀ, ಚಾಮುಂಡಿ ಕೈಲೂ ಇಷ್ಟು ಬೇಗ ಬಿದ್ದಿರಲಿಲ್ಲ” ಎಂದಳು. ಬಾಗಿಲಿಂದ ಹಿಂದಿನ ದೀಪದವರೆಗೆ ಎರಡೂ ಪಕ್ಕೆಗಳು ಬರೀ ಪುಟ್ಟಿ. ಮುಂಗಾಜಿನ ಬುಡದಲ್ಲಿ ಗಾಳಿ ಒಳಗೆ ಬರಲೆಂದು ಒಂದು ಗುಪ್ತ ದೋಣಿ ಇರುತ್ತದೆ. ಆ ಕಾಲದ ಮಸ್ಟ್ಯಾಂಗ್‌ಗಳಲ್ಲಿ ಅದರೊಳಗೆ ತರಗೆಲೆ ಕೂತು, ಕೊಳೆತು, ತಗಡು ತೂತಾಗುವುದು ಹೆಸರುವಾಸಿ ಕಾಯಿಲೆ. ಮಳೆ ಬಂದರೆ ಹೊರಗಿನವರಿಗಿಂತ ಮೊದಲು ಡ್ರೈವರನ ಕಾಲು ನೆನೆಯುತ್ತದೆ. ಮಲೆನಾಡಿನ ಹಂಚಿನ ಮನೆಯಲ್ಲಾದರೆ ಸೋರುವ ಕಡೆ ಪಾತ್ರೆ ಇಡಬಹುದು. ಇಲ್ಲಿ ಪಾತ್ರೆ ಇಟ್ಟರೆ ಬ್ರೇಕು ಒತ್ತುವುದು ಹೇಗೆ?

ಮುಂದಿನ ನಾಲ್ಕು ವರ್ಷದ ಕಥೆ ನನಗೆ ವೀಡಿಯೊ ಕರೆಯಲ್ಲಿ ಧಾರಾವಾಹಿಯಂತೆ ಬಂತು.

ಹೊಸ ತಗಡು ಸಿಗುವುದಿಲ್ಲವೆಂದಲ್ಲ. ಮಸ್ಟ್ಯಾಂಗಿನ ಹೆಚ್ಚುಕಡಿಮೆ ಪ್ರತಿ ಭಾಗವನ್ನೂ ಹೊಸದಾಗಿ ಒತ್ತಿ ಮಾರುವವರಿದ್ದಾರೆ, ಬಹಳಷ್ಟು ತೈವಾನಿನಿಂದ ಬರುತ್ತದೆ. ಭಾವ ಒಪ್ಪಲಿಲ್ಲ. ಅಚ್ಚು ಬೇರೆಯಾದರೆ ಅಂಚಿನ ಗೆರೆ ಕೂದಲೆಳೆಯಷ್ಟು ಆಚೀಚೆ ಆಗುತ್ತದಂತೆ. ಹಳೆಯ ಕಾರಿನದೇ ತಗಡಾದರೆ ಒಡಹುಟ್ಟಿದ್ದು, ಅದೇ ಅಚ್ಚಿನದು. ಬೆಂಗಳೂರಿನಲ್ಲಿ ಗುಜರಿ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮನುಷ್ಯನಿಂದ ಈಗ ಅರಿಜೋನಾ ಮರುಭೂಮಿಯ ಗುಜರಿಗಳಿಗೆ ರಾತ್ರಿಯೆಲ್ಲ ಫೋನು. ಅಲ್ಲಿ ಮಳೆ ಕಡಿಮೆ, ರಸ್ತೆಗೆ ಉಪ್ಪಿಲ್ಲ, ಹಾಗಾಗಿ ಕಬ್ಬಿಣ ಗಟ್ಟಿ. ಬಿಸಿಲಿಗೆ ಸೀಟು ಹರಿದಿರುತ್ತದೆ, ಡ್ಯಾಶ್‌ಬೋರ್ಡು ಗದ್ದೆಯಂತೆ ಬಿರಿದಿರುತ್ತದೆ, ರಬ್ಬರು ಪುಡಿ. ಮಿಷಿಗನ್ ಕಾರಿಗೆ ಒಳಗೆ ಸೀಟಿದೆ, ಕೆಳಗೆ ತಳವಿಲ್ಲ. ಅರಿಜೋನಾ ಕಾರಿಗೆ ತಳವಿದೆ, ಸೀಟಿಲ್ಲ. ಕುರುಡನೂ ಕುಂಟನೂ ಜೊತೆಯಾದಂತೆ ಇವೆರಡನ್ನೂ ಸೇರಿಸುವುದೇ ಭಾವನ ಯೋಜನೆ.

ಒಂದು ದಿನ ಭಾವ, “ಗ್ರೈಂಡರ್ ತಂದಿದೀನಿ ಕಣೇ” ಎಂದು ಕೂಗಿದರಂತೆ. ಅಕ್ಕ ಅವತ್ತೇ ಅಕ್ಕಿ, ಉದ್ದು ನೆನೆಹಾಕಿದಳು. ಸಂಜೆ ಗ್ಯಾರೇಜಿನಿಂದ ಬೆಂಕಿಯ ಕಿಡಿ ಹಾರಿದಾಗಲೇ ತಿಳಿದದ್ದು, ಅದು ಕಬ್ಬಿಣ ಕೊಯ್ಯುವ ಗ್ರೈಂಡರ್ ಎಂದು. ಕಿಡಿ ನೋಡಿದ ಮೇಲೆ ಅವಳಿಗೆ ಇನ್ನೊಂದು ಸಂಗತಿಯೂ ತಿಳಿಯಿತು: ಆ ಕಾರಿನಲ್ಲಿ ಡಿಕ್ಕಿಯ ನೆಲ ಎಂದರೆ ಪೆಟ್ರೋಲ್ ಟ್ಯಾಂಕಿನ ನೆತ್ತಿಯೇ. ಟ್ಯಾಂಕು ಅವತ್ತು ರಾತ್ರಿಯೇ ಗ್ಯಾರೇಜು ಬಿಟ್ಟಿತು. ದೋಸೆ ಮಿಕ್ಸಿಯಲ್ಲಿ ಆಯಿತು.

ಗುಜರಿಯಿಂದ ಬಂದ ಎಡಪಕ್ಕೆಯನ್ನು ಬಿಚ್ಚಿದಾಗ ಅದರಲ್ಲಿ ಯಾವುದೋ ಸಣ್ಣ ಬಿಲ್ಲೆ ಕೂರಿಸುವ ಜಾಗ ಕಂಡಿತು. ಅಮೆರಿಕದ ಸರ್ಕಾರ 1968ರ ಕಾರುಗಳಿಂದ ಪಕ್ಕೆಯಲ್ಲೂ ದೀಪವೋ ಬೆಳಕು ಹಿಂದಿರುಗಿಸುವ ಬಿಲ್ಲೆಯೋ ಇರಲೇಬೇಕೆಂದು ನಿಯಮ ಮಾಡಿತ್ತು. ಅಂದರೆ ಭಾವ ಅವಸರದಲ್ಲಿ ಕೊಂಡದ್ದು ಒಂದು ವರ್ಷ ಕಿರಿಯ ಕಾರಿನ ಪಕ್ಕೆ. “ಜಾತಕ ನೋಡದೆ ಸಂಬಂಧ ಮಾಡಿದರೆ ಹೀಗೇ” ಎಂದೆ. ಆ ಜಾಗ ಮುಚ್ಚಲು ಎರಡು ವಾರಾಂತ್ಯ ಹಿಡಿಯಿತು. ಬಲಪಕ್ಕೆಗೆ ಜಾತಕ ನೋಡಿದರು. ಭಾವನ ಕಾರಿಗೆ ಕಾರ್ಖಾನೆಯಲ್ಲೇ ಕೊರೆದ ನಂಬರಿನಲ್ಲಿ ‘ಎಫ್’ ಎಂಬ ಅಕ್ಷರ, ಅಂದರೆ ಅಲ್ಲೇ ಹತ್ತಿರದ ಡಿಯರ್‌ಬಾರ್ನ್ ಕಾರ್ಖಾನೆಯ ಮಗ. ಪಕ್ಕೆ ಕೊಟ್ಟ ಕಾರಿನದು ‘ಆರ್’, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಮಗಳು. ಗೋತ್ರ ಬೇರೆ, ವರ್ಷ ಒಂದೇ, ಲಗ್ನಕ್ಕೆ ಅಡ್ಡಿಯಿಲ್ಲ. ಒಂದೇ ನಿಷೇಧ: ಒಂದು ಕಾರಿನ ನಂಬರು ಕಿತ್ತು ಇನ್ನೊಂದಕ್ಕೆ ಹಚ್ಚಿದರೆ ಅಲ್ಲಿನ ಕಾನೂನಿನಲ್ಲಿ ಅಪರಾಧ. ತಗಡು ಸಾಲ ತರಬಹುದು, ಹೆಸರು ತರುವಂತಿಲ್ಲ.

ಬೆಸುಗೆ ಹಾಕುವುದು ನಾನು ತಿಳಿದಂತೆ ಗೆರೆ ಎಳೆಯುವ ಕೆಲಸವಲ್ಲ. ಒಂದೇ ಕಡೆ ಕಾಯಿಸಿದರೆ ತೆಳ್ಳಗಿನ ತಗಡು ಬಾಳಕದ ಮೆಣಸಿನಕಾಯಿಯಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಒಂದು ಮೊಳ ಆಚೆ ಇನ್ನೊಂದು, ಆರಲು ಬಿಟ್ಟು ಮತ್ತೆ ನಡುವೆ ಒಂದು. “ಚುಕ್ಕಿ ರಂಗೋಲಿ” ಎಂದಳು ಅಕ್ಕ, ಸುಲಭವಾಗಿ. ಭಾವ ಎಡಪಕ್ಕೆಗೆ ನೂರಾರು ಚುಕ್ಕೆ ಇಟ್ಟು, ಸೇರಿಸಿ, ಉಜ್ಜಿ, ಬೀಗುತ್ತಾ ಬಾಗಿಲು ತಂದು ಕೂರಿಸಿದರು. ಬಾಗಿಲು ಮುಚ್ಚಲಿಲ್ಲ. ಬಾಗಿಲು, ಡಿಕ್ಕಿ ಎಲ್ಲ ಕೂರಿಸಿ ಸಂದು ನೋಡಿಕೊಂಡೇ ಪಕ್ಕೆ ಬೆಸೆಯಬೇಕೆಂಬುದು ಈ ವಿದ್ಯೆಯ ಮೊದಲ ಪಾಠವಂತೆ. ಭಾವ ಎರಡನೆಯ ಪಾಠದಿಂದ ಶುರು ಮಾಡಿದ್ದರು. ಅಷ್ಟೂ ಚುಕ್ಕೆ ಕೊರೆದು ತೆಗೆದರು. ಆ ತಿಂಗಳು ಫೋನೇ ಬರಲಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಮತ್ತೆ ಹೋದೆ. ಗ್ಯಾರೇಜಿನಲ್ಲಿ ಕಂಡ ದೃಶ್ಯ: ಭಾವ ದೀಪ ಹಿಡಿದು ನಿಂತಿದ್ದಾರೆ, ಅಕ್ಕ ಕಣ್ಣು ಮುಚ್ಚಿ ಕಾರಿನ ಪಕ್ಕೆ ಸವರುತ್ತಿದ್ದಾಳೆ. ತಗಡಿನ ಏರುತಗ್ಗು ಕಣ್ಣಿಗೆ ಕಾಣದು, ಬಣ್ಣ ಹೊಡೆದ ಮೇಲೆ ಹೊಳಪಿನಲ್ಲಿ ಎದ್ದು ಕುಣಿಯುತ್ತದೆ. ಮೊದಲೇ ಹಿಡಿಯುವುದು ಅಂಗೈ ಮಾತ್ರ. ಮೂವತ್ತು ವರ್ಷ ಅಕ್ಕಿ ರೊಟ್ಟಿ ತಟ್ಟಿದ ಅಂಗೈ ಅದು. “ಇಲ್ಲಿ ದಪ್ಪ. ಇಲ್ಲಿ ತಗ್ಗು” ಎನ್ನುತ್ತಿದ್ದಳು. ಭಾವ ಅಲ್ಲಲ್ಲೇ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಂಡು ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದರು. ಉಪ್ಪು ಮಾಡಿದ ಕೆಡುಕಿಗೆ ಕೊನೆಗೂ ಉಪ್ಪುಕಾಗದವೇ ಮದ್ದಾಯಿತು. ಬಾಡಿ ಬಂದ ದಿನ ಅಳಲೂ ಒಲ್ಲದವಳು ಈಗ ಮೇಸ್ತ್ರಿ!

ಬಣ್ಣದ ವಿಷಯದಲ್ಲಿ ಮಾತ್ರ ಅವಳ ಮಾತು ನಡೆಯಲಿಲ್ಲ. 1967ರಿಂದ ಈಚಿನ ಫೋರ್ಡುಗಳ ಕಾರ್ಖಾನೆ ದಾಖಲೆಯನ್ನು ಇಟ್ಟುಕೊಂಡು, ನಂಬರು ಹೇಳಿದರೆ ಕಾರಿನ ಪೂರ್ವೋತ್ತರ ಬರೆದುಕೊಡುವ ಕೆವಿನ್ ಮಾರ್ಟಿ ಎಂಬವರಿದ್ದಾರೆ. ಅಲ್ಲಿಂದ ಬಂದ ಜಾತಕದಲ್ಲಿ ಹುಟ್ಟುಬಣ್ಣ ‘ಲೈಮ್ ಗೋಲ್ಡ್’ ಎಂದಿತ್ತು. ಅಕ್ಕ ಕೆಂಪು ಬೇಕೆಂದಿದ್ದಳು. ಮಾದರಿ ತೋರಿಸಿದಾಗ, “ಊಟ ಮುಗಿದ ಮೇಲಿನ ಬಾಳೆಎಲೆ ಬಣ್ಣ” ಎಂದಳು. ಭಾವ ಹುಟ್ಟುಗುಣ ಬಿಡುವವರಲ್ಲ, ಅದನ್ನೇ ಹೊಡೆಸಿದರು.

ನಾನು ಸುಮ್ಮನಿರಲಾರದೆ ಒಂದು ಕಡ್ಡಿ ಗೀರಿದೆ. ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮ್ಯಾಕ್ವೀನ್ ಓಡಿಸಿದ 1968ರ ಮಸ್ಟ್ಯಾಂಗ್ 2020ರ ಜನವರಿಯಲ್ಲಿ ಹರಾಜಾಯಿತು, ಖರ್ಚು ಸೇರಿ 37 ಲಕ್ಷ ಡಾಲರಿಗೂ ಮೇಲೆ. ಅದಕ್ಕೆ ಹೊಸ ಬಣ್ಣ ಹೊಡೆದಿರಲಿಲ್ಲ, ನೆಗ್ಗು, ತುಕ್ಕು ಇದ್ದಂತೆಯೇ ಇದ್ದವು. “ಕೇಳಿದ್ರಾ? ನಾಲ್ಕು ವರ್ಷ ಉಜ್ಜಿ ಉಜ್ಜಿ ನಮ್ಮ ಲಕ್ಷಗಳನ್ನೇ ಉದುರಿಸಿದ್ರಿ” ಎಂದಳು ಅಕ್ಕ. ಭಾವ ನನ್ನ ಕಡೆ ನೋಡಿದ ನೋಟಕ್ಕೆ ಇದ್ದ ಬಣ್ಣವೂ ಸುಲಿದು ಬರಬೇಕಿತ್ತು.

ರಾತ್ರಿ ಊಟಕ್ಕೆ ಕೂತಾಗ ಕೊನೆಯ ಬಾಣ ಬಿಟ್ಟೆ. “ಭಾವ, ಎರಡು ಪಕ್ಕೆ ಅರಿಜೋನಾದ್ದು, ನೆಲ ಬೇರೆ ಕಾರಿಂದು, ಬಾನೆಟ್ಟು ಇನ್ಯಾವುದರದ್ದೋ. ಡಿಯರ್‌ಬಾರ್ನ್‌ನಿಂದ ಬಂದದ್ದು ಇದರಲ್ಲಿ ಏನು ಉಳಿದಿದೆ?” ಭಾವ ಬೆರಳು ಮಡಿಸಿದರು: ಚಾವಣಿ, ಎಡಬಾಗಿಲು, ಎಂಜಿನ್, ನಂಬರು ಕೊರೆದ ತಗಡು. ನಾಲ್ಕಕ್ಕೇ ನಿಂತಿತು. ಪಾಪ ಎನಿಸಿತು.

ಅಷ್ಟರಲ್ಲಿ ಅಕ್ಕ ನನ್ನ ತಟ್ಟೆಗೆ ಮೊಸರು ಬಡಿಸಿದಳು. ಒಂದು ತುತ್ತಿಗೇ ಹಾಸನದ ಅಡುಗೆಮನೆ ನೆನಪಾಯಿತು.

“ಇದು ಅಮ್ಮನ ಮೊಸರಲ್ಲವೇನೇ?”

“ಹೌದು ಕಣೋ. ಬರುವಾಗ ಹೆಪ್ಪು ಬಟ್ಟೇಲಿ ಒಣಗಿಸಿಕೊಂಡು ತಂದಿದ್ದೆನಲ್ಲ, ಅದೇ.”

“ಹಾಲು?”

“ಹಾಲು ಇಲ್ಲೀದೇ. ಪಾತ್ರೇನೂ ಇಲ್ಲೀದೇ. ಅಮ್ಮ ಹಾಕಿದ ಹಾಲು ಇಪ್ಪತ್ತು ವರ್ಷದ ಹಿಂದೇನೇ ಮುಗೀತು” ಎಂದವಳು, ಭಾವನ ತಟ್ಟೆಗೂ ಒಂದು ಸೌಟು ಹೆಚ್ಚಾಗಿಯೇ ಹಾಕಿದಳು. ಭಾವ ಏನೂ ಮಾತಾಡಲಿಲ್ಲ, ಐದನೆಯ ಬೆರಳು ಮಡಿಸಿ ಉಣ್ಣತೊಡಗಿದರು. ನಾನು ಅಮ್ಮನ ಮೊಸರೆಂದು ನನ್ನ ಬಾಯಲ್ಲೇ ಹೇಳಿಬಿಟ್ಟಿದ್ದೆ. ಇನ್ನು ವಾದಿಸಲು ಉಳಿದದ್ದೇನು?

ನಾನು ಹೊರಡುವ ಹೊತ್ತಿಗೆ ನವೆಂಬರಿನ ಮೊದಲ ಹಿಮ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಉಪ್ಪಿನ ಲಾರಿ ಬೀದಿಯಲ್ಲಿ ಕರಕರ ಸುರಿಯುತ್ತಾ ಹೋಗುತ್ತಿತ್ತು. ಕುದುರೆ ಗ್ಯಾರೇಜಿನೊಳಗೆ ಎರಡು ಹೊದಿಕೆ ಹೊದ್ದು ಬೆಚ್ಚಗಿತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟು ಹೊರಗೆ ಬಂದಿದ್ದ ಅಕ್ಕನ ಹೊಚ್ಚಹೊಸ ಕಾರು ಗಾಲಿಯವರೆಗೆ ಉಪ್ಪುನೀರಿನಲ್ಲಿ ನಿಂತಿತ್ತು, ಅಕ್ಕ ಅದರ ಗಾಜಿನ ಮಂಜು ಕೆರೆಯುತ್ತಿದ್ದಳು. ಇನ್ನು ಐವತ್ತು ವರ್ಷ ಬಿಟ್ಟು ಯಾರದೋ ಭಾವನಿಗೆ ಬೇಕಾಗುವ ಕೆಲಸ ಅಲ್ಲಿ ಸದ್ದಿಲ್ಲದೆ ಸಿದ್ಧವಾಗುತ್ತಿತ್ತು.