ಎಂಬತ್ತೆಂಟೂವರೆ ಸಾವಿರದ ಲೇಖಕ

ಬೆಸ್ಟ್‌ಸೆಲ್ಲರ್ ತಯಾರಕರಾದ ಮಾನ್ಯರಿಗೆ,

ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಬ್ಬ ಜಾಬ್‌ವರ್ಕಿನವನ ನಮಸ್ಕಾರ. ನಿನ್ನೆ ಲೇಥ್ ನಿಲ್ಲಿಸಿ, ಇಸ್ತ್ರಿ ಅಂಗಿ ತೊಟ್ಟು, ಬಾಣೇರಿನ ಹೋಟೆಲಿನಲ್ಲಿ ನಿಮಗಾಗಿ ಕಾದು ಕಾದು ಬೇಸತ್ತವನು ನಾನೇ. ಪುಣೆಯ 25 ಉದ್ಯಮಿಗಳು ಸೇರಿ ಬರೆಯುವ ಪುಸ್ತಕಕ್ಕೆ ನಾನೂ ಆಯ್ಕೆಯಾಗಿದ್ದೇನೆ ಎಂದಿದ್ದಿರಿ. ಯಾರು ಆರಿಸಿದರು, ಯಾಕೆ ಆರಿಸಿದರು ಎಂಬುದು ಕೊನೆಯ ಸ್ಲೈಡಿನವರೆಗೂ ಗುಟ್ಟಾಗಿತ್ತು. ಅಲ್ಲಿ ದರಪಟ್ಟಿ ಬಂತು: ಒಂದು ಅಧ್ಯಾಯಕ್ಕೆ 75,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 88,500. ಸಂಜೆ ಆರರೊಳಗೆ ಕಟ್ಟಿದರೆ ಮುಖಪುಟದಲ್ಲಿ ಫೋಟೋ.

ಸ್ವಾಮಿ, ಈ ದೇಶದಲ್ಲಿ ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೇ ಇಲ್ಲ. ನೀವು ಮಾರುತ್ತಿರುವುದು ಪುಸ್ತಕವಲ್ಲ ಎಂದು ನಿಮ್ಮ ಬಿಲ್ಲೇ ಸಾಕ್ಷಿ ಹೇಳಿದೆ.

ಪ್ಯಾಕೇಜಿನಲ್ಲಿ ಏನೇನಿದೆ ಎಂದೂ ಓದಿದೆ. ಐಎಸ್‌ಬಿಎನ್: ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಅಮೆಜಾನಿನಲ್ಲಿ ಪ್ರಕಟಣೆ: ಅದರ ಸ್ವಯಂಪ್ರಕಾಶನ ತಾಣ ಕೆಡಿಪಿಗೆ ಪುಸ್ತಕ ಏರಿಸಲು ಶುಲ್ಕವಿಲ್ಲ. ಬೆಸ್ಟ್‌ಸೆಲ್ಲರ್ ಗ್ಯಾರಂಟಿ: 2016ರಲ್ಲಿ ಅಮೆರಿಕದ ಬ್ರೆಂಟ್ ಅಂಡರ್‌ವುಡ್ ತನ್ನ ಪಾದದ ಫೋಟೋವನ್ನೇ ಪುಸ್ತಕವೆಂದು ಏರಿಸಿ, ಯಾರೂ ಹಾಯದ ಒಂದು ಸಣ್ಣ ವಿಭಾಗದಲ್ಲಿ ಬೆರಳೆಣಿಕೆಯ ಪ್ರತಿಗಳಿಂದಲೇ ಒಂದನೇ ನಂಬರು ಹೊಡೆದ. ಖರ್ಚು ಮೂರು ಡಾಲರ್. ನನ್ನ ಮುಖಕ್ಕೆ 88,500 ಯಾಕೆ?

ನಿಮ್ಮ ಕಡೆಯ ಹುಡುಗಿ ಫೋನ್ ಮಾಡಿ, "ಸರ್, ನಿಮ್ಮ ಕಥೆಯಲ್ಲಿ ಸ್ಟ್ರಗಲ್ ಕಮ್ಮಿ ಇದೆ, ಚಿಕ್ಕಂದಿನಲ್ಲಿ ಉಪವಾಸ ಮಲಗಿದ್ದೇನಾದರೂ ಇದೆಯಾ?" ಎಂದು ಕೇಳಿದಳು. ನಮ್ಮವ್ವನ ಎದುರಿಗೆ ಕೇಳಿದ್ದರೆ ರೊಟ್ಟಿ ಬಡಿಯುವ ಕೈಯ ರುಚಿ ಗೊತ್ತಾಗುತ್ತಿತ್ತು. ಆ ಅಮೆರಿಕದ ಪಾದಕ್ಕೆ ಸ್ಟ್ರಗಲ್ಲೂ ಬೇಕಾಗಲಿಲ್ಲ ನೋಡಿ.

ಭಾಷಣದಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ಬೇರೆ ಎಳೆದಿರಿ. ಅವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ನೇಗಿಲು ಮಾರಿ ಹೆಸರು ಗಳಿಸಿದವರ ಜೊತೆ ಹೆಸರು ಕೊಳ್ಳುವವರನ್ನು ಕೂರಿಸಬೇಡಿ.

ಹಕ್ಕುಪತ್ರದ ಫಾರ್ಮಿನಲ್ಲಿ ರಾಯಲ್ಟಿಯ ಎದುರು ಒಂದು ಗೆರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು, ಹಕ್ಕು ಬರೆಸಿಕೊಳ್ಳುವಾಗ ರಾಯಲ್ಟಿ ಎಷ್ಟೆಂದು ನಮೂದಿಸಬೇಕು ಎನ್ನುತ್ತದೆ. ಗೆರೆ ಎಷ್ಟು ಪರ್ಸೆಂಟು?

ಇದನ್ನೆಲ್ಲ ಹೇಗೋ ನುಂಗಿಕೊಂಡೇನು. ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ. "ಇದನ್ನು ಓದುವವರು ಯಾರು?" ಎಂದು ಕೇಳಿದೆ. "ವಿಸಿಬಿಲಿಟಿ" ಎಂದಿರಿ. ಮತ್ತೆ ಕೇಳಿದೆ. "ನೆಟ್‌ವರ್ಕಿಂಗ್" ಎಂದಿರಿ. ಮೂರನೇ ಸಲ ಬಾಯಿ ತೆರೆದಾಗ ಹೈ ಟೀ ಶುರುವಾಯಿತು. ಓದುವವರಿಲ್ಲದ ಪುಸ್ತಕ ಯಾಕ್ರೀ ಮಾಡುತ್ತೀರಿ? 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದರು. ಅವರೂ ಮುಂಗಡ ಎತ್ತಿದರು, ಆದರೆ ಓದುವ ಚಂದಾದಾರರಿಂದ. ನೀವು ಬರೆಯುವವನ ಕಿಸೆಗೇ ಕೈ ಹಾಕಿದಿರಿ. ಮೇಲಾಗಿ ಒಬ್ಬೊಬ್ಬ ಲೇಖಕನೂ ಕಡ್ಡಾಯವಾಗಿ 30 ಪ್ರತಿ ಕೊಳ್ಳಬೇಕಂತೆ. ನಮ್ಮ ಧಂದೆಯಲ್ಲಿ ಮಾಲು ಪಾರ್ಟಿಯದು, ಮಜೂರಿ ನನಗೆ. ನಿಮ್ಮಲ್ಲಿ ಮಾಲು ನನ್ನದು, ದುಡಿತ ನನ್ನದು, ಮಜೂರಿ ನಾನೇ ಕೊಡಬೇಕು, ತಯಾರಾದ ಮಾಲನ್ನೂ ನಾನೇ ಎತ್ತಬೇಕು. ಇಂಥ ಪಾರ್ಟಿ ನನಗೊಂದು ಸಿಕ್ಕಿದ್ದರೆ ಲೇಥನ್ನು ಗುಜರಿಗೆ ಹಾಕಿ ಹಾಯಾಗಿರುತ್ತಿದ್ದೆ.

ನನ್ನ ತೀರ್ಮಾನ ಏನೆಂದು ಬೆಳಗಿನಿಂದ ಫೋನ್ ಮೇಲೆ ಫೋನ್. ಬರೆದುಕೊಳ್ಳಿ. ಅಪ್ಪಾ ಬಳವಂತ ಚೌಕದ ಯಾವನಾದರೂ ಪುಸ್ತಕದಂಗಡಿಯವನಿಂದ ಹತ್ತು ಪ್ರತಿ ಇಡುತ್ತೇನೆಂಬ ಚೀಟಿ ತನ್ನಿ. ಲೇಖಕನೂ ಅಲ್ಲದ, ಲೇಖಕನ ಅಳಿಯನೂ ಅಲ್ಲದ ಒಬ್ಬ ಓದುಗನನ್ನು ಕರೆತನ್ನಿ. ಆಮೇಲೆ ರೊಕ್ಕ ಕೊಡುತ್ತೇನೆ. ಸಣ್ಣ ಉದ್ಯಮದ ಬಾಕಿಯನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯ್ದೆಯೇ ಇದೆಯಲ್ಲ, ಅದನ್ನು ನನ್ನ ಪಾರ್ಟಿಗಳು ಹೇಗೆ ಪಾಲಿಸುತ್ತಾರೋ ಹಾಗೆಯೇ ನಾನೂ ಪಾಲಿಸುತ್ತೇನೆ. ನಡುವೆ ಫೋನ್ ಎತ್ತುವುದಿಲ್ಲ.

ಅಷ್ಟರೊಳಗೆ, ನಾನು ಹೂಂ ಅನ್ನುವ ಮೊದಲೇ ನನ್ನನ್ನು ಲೇಖಕನೆಂದು ಸಾರಿ ವಾಟ್ಸಾಪಿನಲ್ಲಿ ಹರಿಬಿಟ್ಟ ಪೋಸ್ಟರು ತೆಗೆಯಿರಿ. ಗೋಕಾಕದ ಬೀಗರು ಆಗಲೇ ಪುಕ್ಕಟೆ ಪ್ರತಿ ಕೇಳುತ್ತಿದ್ದಾರೆ.

ಇತಿ,
ಲೇಖಕನಲ್ಲದ ಲೇಥಿನವ
ಭೋಸರಿ, ಪುಣೆ