ಅಳುತ್ತಿಲ್ಲ, ಊಟ ಮಾಡುತ್ತಿದ್ದೇನೆ

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ದಾರಿಯಲ್ಲಿ, ಊರಿಂದ 20 ಕಿಲೋಮೀಟರಿನಷ್ಟು ಆಚೆ, ಅಂಜನೇರಿ ಬೆಟ್ಟ ಸಿಗುತ್ತದೆ. ಮಳೆಗಾಲದಲ್ಲಿ ಅದರ ನೆತ್ತಿಯ ಮಟ್ಟಸವಾದ ಕಪ್ಪುಬಂಡೆ ಎಲ್ಲೆಂದರಲ್ಲಿ ಜಿನುಗಿ, ಬೆರಳಾಳದ ಕೆಸರಾಗಿ ನಿಲ್ಲುತ್ತದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಆ ಕೆಸರಿನ ತುಂಬ ಸಪೂರ ಕಡ್ಡಿಗಳು, ಕಡ್ಡಿಯ ತುದಿಗೆ ನೀಲಿ-ನೇರಳೆ ಹೂಗಳು. ಮರಾಠಿಗರ ಬಾಯಲ್ಲಿ ಇದು ‘ಸೀತೇಚಿ ಆಸವಂ’, ಸೀತೆಯ ಕಣ್ಣೀರು. ಪಂಚವಟಿ ಕೆಳಗೆ ನಾಸಿಕದಲ್ಲೇ ಇರುವುದರಿಂದ ಸಾಕ್ಷಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಸಸ್ಯಶಾಸ್ತ್ರದವರು ಯುಟ್ರಿಕ್ಯುಲೇರಿಯ ಅನ್ನುತ್ತಾರೆ. ನಮ್ಮ ಪ್ರತಿನಿಧಿ ಕೈಮುಗಿದು ಮಾತಿಗೆ ಶುರುವಿಟ್ಟುಕೊಂಡರು.

ಪ್ರತಿನಿಧಿ: ತಾಯೀ, ಅಳಬೇಡಿ. ಲಂಕೆಯಿಂದ ವಾಪಸ್ ಬಂದಿರಲ್ಲ.

ಹೂ: ಅಳುತ್ತಿಲ್ಲ ಕಣಪ್ಪ, ಊಟ ಮಾಡುತ್ತಿದ್ದೇನೆ. ಸ್ವಲ್ಪ ಆಚೆ ಸರಿ, ನನ್ನ ಎಲೆಯ ಮೇಲೆ ನಿಂತಿದ್ದೀಯ.

ಪ್ರತಿನಿಧಿ: ಕ್ಷಮಿಸಿ! ಏನು ಊಟ, ಫಲಾಹಾರವೇ?

ಹೂ: ಮಾಂಸಾಹಾರ.

ಪ್ರತಿನಿಧಿ: ಶ್ರಾವಣ ಮಾಸದಲ್ಲಿ? ತ್ರ್ಯಂಬಕೇಶ್ವರನ ಮಗ್ಗುಲಲ್ಲಿ? ಸೀತಮ್ಮನ ಹೆಸರಿಟ್ಟುಕೊಂಡು?

ಹೂ: ಹೆಸರು ನೀವು ಇಟ್ಟದ್ದು, ಹೊಟ್ಟೆ ನನ್ನದು. ಮಳೆ ಇದ್ದರಷ್ಟೇ ನನಗೆ ಬೇಟೆ. ಶ್ರಾವಣ ಬಿಟ್ಟರೆ ವರ್ಷವೆಲ್ಲ ಉಪವಾಸ. ನನಗೆ ಬೇರೂ ಇಲ್ಲ. ಇರುವುದು ಕೆಸರಿನೊಳಗೆ ಹರಿದಾಡುವ ಎಳೆಗಳು, ಆ ಎಳೆಗಳಿಗೆ ಅಂಟಿದ ಪುಟಾಣಿ ಚೀಲಗಳು. ಗುಂಡುಸೂಜಿಯ ತಲೆಗಿಂತ ಸಣ್ಣವು. ಚೀಲದೊಳಗಿನ ನೀರನ್ನು ಅದರ ಗೋಡೆಯೇ ಹೊರಕ್ಕೆ ಹಾಕುತ್ತದೆ, ಗೋಡೆಗಳು ಒಳಕ್ಕೆ ಕುಸಿಯುತ್ತವೆ, ಬಾಗಿಲು ಬಿಗಿಯುತ್ತದೆ. ಇಂಕ್ ಫಿಲ್ಲರಿನ ರಬ್ಬರು ಗುಂಡು ಅದುಮಿ ಹಿಡಿದ ಹಾಗೆ, ತಿಳೀತಾ? ಯಾವುದೋ ಬಡಪಾಯಿ ಸೂಕ್ಷ್ಮಜೀವಿ ಈಜಾಡುತ್ತ ಬಂದು ಬಾಗಿಲ ಕೂದಲನ್ನು ತಾಕಿತೋ, ಬಾಗಿಲು ತೆರೆದು ನೀರಿನ ಸಮೇತ ಅದೂ ಒಳಗೆ. ಬಾಗಿಲು ಮತ್ತೆ ಬಂದ್. ಆಮೇಲೆ ಜೀರ್ಣ.

ಪ್ರತಿನಿಧಿ: ಇದಕ್ಕೆಲ್ಲ ಎಷ್ಟು ಹೊತ್ತು?

ಹೂ: 2011ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ನೀರಿನಲ್ಲಿ ತೇಲಿ ಬೆಳೆಯುವ ನನ್ನ ದಾಯಾದಿಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಬಾಗಿಲು ತೆರೆಯುವುದಕ್ಕೆ ಮಿಲಿಸೆಕೆಂಡಿನ ಅರ್ಧ ಭಾಗ ಸಾಕು. ನೀನು ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ನೂರು ಸಲ ಆಗಿಬಿಡುವಷ್ಟು ವೇಗ. ಚೀಲವೇ ಬೇಟೆಯನ್ನು ಸೆಳೆದುಕೊಳ್ಳುತ್ತದೆ ಅಂತ ಸ್ವತಃ ಡಾರ್ವಿನ್‌ಗೂ ಹೊಳೆಯಲಿಲ್ಲ. ಮಾಂಸಾಹಾರಿ ಗಿಡಗಳ ಮೇಲೆ 1875ರಲ್ಲಿ ಅಷ್ಟು ದಪ್ಪ ಪುಸ್ತಕ ಬರೆದ ಮನುಷ್ಯ, ಹುಳುಗಳೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತವೆ ಅಂದುಕೊಂಡಿದ್ದ. ತಪ್ಪನ್ನೆಲ್ಲ ಸತ್ತವರ ತಲೆಗೆ ಕಟ್ಟುವುದು ಅಂದರೆ ಇದೇ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೇರಿ ಟ್ರೀಟ್ ಅಂತ ಒಬ್ಬ ಹೆಂಗಸು ಆ ಕಾಲದಲ್ಲೇ ಸೂಕ್ಷ್ಮದರ್ಶಕದ ಮುಂದೆ ಕೂತು, ಬೇಟೆ ಒಳಕ್ಕೆ ಸೆಳೆದುಹೋಗುವುದನ್ನು ನೋಡಿದ್ದಳು.

ಪ್ರತಿನಿಧಿ: ಇಷ್ಟೆಲ್ಲ ತಂತ್ರಗಾರಿಕೆ ಯಾಕೆ? ಮಣ್ಣಿನಿಂದ ಹೀರಿಕೊಂಡು ಮರ್ಯಾದೆಯಾಗಿ ಬದುಕಬಹುದಿತ್ತಲ್ಲ?

ಹೂ: ಮಣ್ಣೆಲ್ಲಿದೆಯಪ್ಪ? ಬಂಡೆಯ ಮೇಲೆ ಎರಡು ಬೆರಳು ಕೆಸರು, ಅದರಲ್ಲಿ ಇದ್ದ ಸಾರಜನಕ, ರಂಜಕವನ್ನು ಮಳೆ ತೊಳೆದುಕೊಂಡು ಹೋಗಿರುತ್ತದೆ. ಈ ಬಡತನವೇ ನನಗೆ ಕೋಟೆ. ಮಣ್ಣು ಕೊಬ್ಬಿದರೆ ಹುಲ್ಲು ಎದೆಮಟ್ಟ ಬೆಳೆದು ನನ್ನ ಬಿಸಿಲು ಕಿತ್ತುಕೊಳ್ಳುತ್ತದೆ. ಇದು ನಿಮ್ಮವರಿಗೆ ಅರ್ಥವೇ ಆಗುವುದಿಲ್ಲ. ಬಂದವರೆಲ್ಲ ಏನಾದರೂ ಕೊಟ್ಟೇ ಹೋಗುತ್ತಾರೆ: ಬಾಳೆಹಣ್ಣಿನ ಸಿಪ್ಪೆ, ತೆಂಗಿನಕಾಯಿ, ಮಿಕ್ಕ ಅನ್ನ, ಇನ್ನು ಕೆಲವರು ಮರೆಯಲ್ಲಿ ಕೂತು ಕೊಡುವ ಕಾಣಿಕೆ. ದನ ಮೇಯುವುದಕ್ಕೆ ನನ್ನ ತಕರಾರಿಲ್ಲ, ಅವು ಹುಲ್ಲು ಕತ್ತರಿಸಿ ಉಪಕಾರ ಮಾಡುತ್ತವೆ. ಸಾತಾರಾದ ಕಾಸ್ ಪ್ರಸ್ಥಭೂಮಿಯಲ್ಲಿ ನಮ್ಮನ್ನು ಉಳಿಸುತ್ತೇವೆಂದು ಬೇಲಿ ಹಾಕಿದರು. ಬೇಲಿಯಿಂದಲೇ ಹೂ ಕಡಿಮೆಯಾಯಿತೆಂದು ದೂರು ಬಂದ ಮೇಲೆ ಕಿತ್ತರು. ಕೆಲಸ ಎರಡು ಸಲ, ಬಿಲ್ಲೂ ಎರಡು ಸಲ ಆಗಿರಬೇಕು.

ಪ್ರತಿನಿಧಿ: ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ಓದುಗರೆಲ್ಲ ಕಾಯುತ್ತಿದ್ದಾರೆ. ಹನುಮಂತ ಹುಟ್ಟಿದ್ದು ಇಲ್ಲೋ, ನಮ್ಮ ಆನೆಗೊಂದಿಯ ಅಂಜನಾದ್ರಿಯಲ್ಲೋ?

ಹೂ: ಬಂದ ಕೆಲಸ ಇದೇ ಅಂತ ಮೊದಲೇ ಹೇಳಬಾರದಿತ್ತೇ? 2021ರಲ್ಲಿ ತಿರುಪತಿಯವರೂ ‘ನಮ್ಮಲ್ಲಿ’ ಅಂದರು. 2022ರ ಮೇ 31ರಂದು ನಾಸಿಕದಲ್ಲಿ ಇದನ್ನು ತೀರ್ಮಾನಿಸಲೆಂದೇ ಸಭೆ ಸೇರಿತ್ತು. ಯಾರು ಎತ್ತರದ ಆಸನದಲ್ಲಿ ಕೂರಬೇಕು ಎಂಬಲ್ಲಿಗೇ ಜಗಳ ಹತ್ತಿ, ಮೈಕು ಎತ್ತಿಕೊಳ್ಳುವವರೆಗೆ ಹೋಯಿತು. ನನ್ನನ್ನು ಸಾಕ್ಷಿಗೆ ಕರೆದಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಸಮುದ್ರ ಹಾರಿದವನ ಊರಿಗೆ ಹತ್ತಲು ಎರಡೂ ಬೆಟ್ಟದ ಭಕ್ತರಿಗೆ ರೋಪ್‌ವೇ ಬೇಕಂತೆ. ಈ ಒಂದು ವಿಷಯದಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಒಂದೇ.

ಪ್ರತಿನಿಧಿ: ರೋಪ್‌ವೇ ಬಂದರೆ ಒಳ್ಳೆಯದಲ್ಲವೇ? ಜನ ನಿಮ್ಮನ್ನು ತುಳಿಯುವುದಿಲ್ಲ, ಮೇಲಿಂದ ಹಾರಿಹೋಗುತ್ತಾರೆ.

ಹೂ: ಹಾರಿದವರು ಇಳಿಯಲೇಬೇಕಲ್ಲ? ಇಳಿದಲ್ಲಿ ಚಹಾದಂಗಡಿ, ಅದರ ಪಕ್ಕ ಶೌಚಾಲಯ, ಅದಕ್ಕೊಂದು ಕೊಳವೆ. ಬಂಡೆಯ ಮೇಲೆ ಒಂದು ಚರಂಡಿ ತೋಡಿದರೆ ಸಾಕು, ಜಿನುಗು ದಿಕ್ಕು ಬದಲಿಸುತ್ತದೆ, ನನ್ನ ಸಂಸಾರ ಮುಗಿಯಿತು. 2021ರಲ್ಲಿ ಡಾಂಬರು ರಸ್ತೆಯನ್ನೇ ಮೇಲಕ್ಕೆ ತರುವ ಮಾತು ಎದ್ದಿತ್ತು. ಆಗ ವಿರೋಧಿಸಿದವರು ಬಂಡೆಗೋಡೆಯ ರಣಹದ್ದಿನ ಹೆಸರು ಹೇಳಿದರು, ಈ ಬೆಟ್ಟದ ಹೆಸರನ್ನೇ ಹೊತ್ತ ಸೆರೊಪೀಜಿಯಾ ಅಂಜನೇರಿಕಾ ಎಂಬ ಅಪರೂಪದ ಗಿಡದ ಹೆಸರು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಅಪರೂಪದವಳಲ್ಲ, ಅದೇ ನನ್ನ ತಪ್ಪು.

ಪ್ರತಿನಿಧಿ: ತೇವಭೂಮಿಗೆ ಸರ್ಕಾರದ ರಕ್ಷಣೆ ಇದೆಯಲ್ಲ?

ಹೂ: ಇದೆ, ಹಕ್ಕಿ ಇದ್ದರೆ. ಇದೇ ಜಿಲ್ಲೆಯ ನಾಂದೂರ್ ಮಧಮೇಶ್ವರ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ, ಅಂದರೆ ಜಗತ್ತೇ ಮಾನ್ಯ ಮಾಡಿದ ತೇವಭೂಮಿ. ವಲಸೆ ಹಕ್ಕಿ ಬರುತ್ತವೆ, ದುರ್ಬೀನು ಹಿಡಿದವರು ಬರುತ್ತಾರೆ, ಫಲಕ ಇದೆ. ಅಂಗೈಯಷ್ಟು ಕೆಸರಿಗೆ ಯಾರು ಫಲಕ ನೆಡುತ್ತಾರೆ? ಇಲ್ಲಿನ ಸಾತ್‌ಬಾರಾದಲ್ಲಿ ನನ್ನ ಹೆಸರಿಲ್ಲ, ನಿಮ್ಮ ಪಹಣಿಯಲ್ಲೂ ಇಲ್ಲ. ಬರೆದಿದ್ದರೆ ‘ಖರಾಬು’ ಎಂದೇ ಬರೆದಿರುತ್ತಾರೆ.

ಪ್ರತಿನಿಧಿ: ನೀರಿನ ಮಾತು ಬಂತು. ಛತ್ರಪತಿ ಸಂಭಾಜಿನಗರದವರು ಗೋದಾವರಿ ನೀರಿಗಾಗಿ ನಾಸಿಕದವರ ಮೇಲೆ ಸಿಟ್ಟಾಗಿದ್ದಾರಂತೆ.

ಹೂ: ಪಕ್ಕದ ಬ್ರಹ್ಮಗಿರಿಯಲ್ಲಿ ಗೋದಾವರಿ ಹುಟ್ಟುತ್ತಾಳೆ. ನಾಸಿಕದ ಅಣೆಕಟ್ಟೆಗಳಲ್ಲಿ ತಂಗಿ, ದ್ರಾಕ್ಷಿ ತೋಟಗಳಿಗೆ ಉಣಿಸಿ, ಉಳಿದದ್ದು ಅವರ ಪೈಠಣದ ಜಾಯಕವಾಡಿ ಅಣೆಕಟ್ಟೆಗೆ, ಅಂದರೆ ನಾಥಸಾಗರಕ್ಕೆ. ಅಕ್ಟೋಬರ್ 15ರ ಹೊತ್ತಿಗೆ ಅದು ಶೇ 65ರಷ್ಟು ತುಂಬಿರದಿದ್ದರೆ ಮೇಲಿನವರು ನೀರು ಬಿಡಬೇಕು ಎಂಬ ಲೆಕ್ಕ ಇದೆ. ಬಿಡಿ ಅಂದರೆ ಇಲ್ಲಿ ಧರಣಿ, ಬಿಡದಿದ್ದರೆ ಅಲ್ಲಿ ಧರಣಿ. ಕಾವೇರಿ ಕಂಡವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಅವರೆಲ್ಲ ಶೇಕಡಾ ಎಣಿಸುವ ಹೊತ್ತಿಗೆ ನಾನು ಸಾಸಿವೆಗಿಂತ ಸಣ್ಣ ಬೀಜ ಉದುರಿಸಿ ಒಣಗಿರುತ್ತೇನೆ. ಆದರೆ ಜಿನುಗುವ ಬಂಡೆ ಇದ್ದರೆ ತಾನೇ ಹಳ್ಳ, ಹಳ್ಳ ಇದ್ದರೆ ತಾನೇ ಅಣೆಕಟ್ಟೆ? 65 ಎಣಿಸುವವರು ಒಂದರಿಂದ ಶುರುಮಾಡಿದರೆ ಆ ಒಂದು ಇಲ್ಲೇ ಸಿಗುತ್ತದೆ.

ಪ್ರತಿನಿಧಿ: 2027ಕ್ಕೆ ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳ. ಏನು ತಯಾರಿ?

ಹೂ: ಪ್ರಾರ್ಥನೆ.

ಪ್ರತಿನಿಧಿ: ಕನ್ನಡ ನಾಡಿನಲ್ಲಿ ನೆಂಟರು?

ಹೂ: ಧಾರಾಳ. ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ, ಘಟ್ಟದ ನೆತ್ತಿಯ ಬಂಡೆಗಳಲ್ಲಿ. ಕಾಸರಗೋಡಿನ ಕಡೆ ಮಲಯಾಳಿಗಳು ಕಾಕ್ಕಪ್ಪೂ ಎಂದು ಕರೆದು, ಓಣಂ ಹೂವಿನ ರಂಗೋಲಿಗೆ ಕಿತ್ತು ಒಯ್ಯುತ್ತಿದ್ದರು. ಕಿತ್ತರೂ ಮರುವರ್ಷ ಹುಟ್ಟುತ್ತಿದ್ದೆವು. ಈಗ ಕಲ್ಲಿನ ಕೋರೆಯವರು ಪದವುಗಳನ್ನೇ ಕತ್ತರಿಸಿ ಲಾರಿಗೆ ಹಾಕುತ್ತಾರೆ. ಹೂ ಪೇಟೆಯಿಂದ ಬರುತ್ತದೆ, ಚೆಂಡುಹೂ.

ಪ್ರತಿನಿಧಿ: ಕೊನೆಯದಾಗಿ, ಒಂದು ಸೆಲ್ಫಿ?

ಹೂ: ತೆಗೆದುಕೋ. ಆದರೆ ಮಲಗಬೇಡ, ನಿನ್ನ ಹೊಟ್ಟೆಯ ಕೆಳಗೆ ನನ್ನ ಇನ್ನೂರು ಮಕ್ಕಳಿದ್ದಾರೆ.

(ಓದುಗರ ಗಮನಕ್ಕೆ: ಹೂವಿನ ಕಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಅಂಜನೇರಿಗೆ ಹೋಗುವವರು ಸವೆದ ಕಾಲುದಾರಿ ಬಿಟ್ಟು ಕೆಸರಿಗೆ ಇಳಿಯಬೇಡಿ. ಬುತ್ತಿಯಲ್ಲಿ ಮಿಕ್ಕದ್ದನ್ನು, ಹಣ್ಣಿನ ಸಿಪ್ಪೆಯನ್ನೂ ಸೇರಿಸಿ, ಕೆಳಗೆ ಹೊತ್ತು ತನ್ನಿ. ಮೇಲಿರುವವರಿಗೆ ಅವರ ಊಟ ಅವರಿಗಿದೆ.)